ಮಣಿಕಟ್ಟಿನ ಶಸ್ತ್ರಕ್ರಿಯೆಯ ಮೊದಲ ರಾತ್ರಿ

ಮುಗ್ಗರಿಸಿದವನು ಕೈ ಊರುತ್ತಾನೆ. ಇದು ಮನುಷ್ಯನ ಹುಟ್ಟುಗುಣ. ಮಳೆಗಾಲದಲ್ಲಿ ಬೈಲಹೊಂಗಲ, ಸವದತ್ತಿಯ ಕಡೆಯ ಎರೆಮಣ್ಣು ಬೆಣ್ಣೆಯಂತೆ ಜಾರುವಾಗ, ಚಕ್ಕಡಿಯಿಂದಲೋ ಟ್ರ್ಯಾಕ್ಟರಿನಿಂದಲೋ ಇಳಿಯುವವನ ಕಾಲು ತಪ್ಪಿದರೆ ಮೈಭಾರವೆಲ್ಲ ಚಾಚಿದ ಅಂಗೈಯ ಮೇಲೆ ಬೀಳುತ್ತದೆ. ಆಗ ಮಣಿಕಟ್ಟಿನಿಂದ ಒಂದು ಅಂಗುಲ ಮೇಲೆ, ಹೆಬ್ಬೆರಳಿನ ಬದಿಯ ದೊಡ್ಡ ಎಲುಬು ಮುರಿಯುತ್ತದೆ. ಐವತ್ತು ದಾಟಿದ ಹೆಂಗಸರಿಗೆ ಇಷ್ಟು ದೊಡ್ಡ ಪೆಟ್ಟೂ ಬೇಕಿಲ್ಲ. ಎಲುಬಿನ ಸತ್ವ ಕಡಿಮೆಯಾಗಿರುವುದರಿಂದ ಬಚ್ಚಲಿನ ಕಲ್ಲಿನ ಮೇಲೆ ಜಾರಿದರೂ ಸಾಕು. ಈ ಮುರಿತವನ್ನು ಡಬ್ಲಿನ್ ನಗರದ ಶಸ್ತ್ರವೈದ್ಯ ಅಬ್ರಹಾಂ ಕಾಲಿಸ್ ೧೮೧೪ರಲ್ಲಿ ವಿವರಿಸಿ ಬರೆದನು. ಕ್ಷಕಿರಣ ಇನ್ನೂ ಕನಸಿನಲ್ಲಿಯೂ ಇರದಿದ್ದ ಆ ಕಾಲದಲ್ಲಿ ಬರಿಯ ಕಣ್ಣು ಮತ್ತು ಕೈಗಳಿಂದ ಅವನು ಅದನ್ನು ಗುರುತಿಸಿದ್ದನು.

ಇಂತಹ ಮುರಿತಗಳಲ್ಲಿ ಬಹಳಷ್ಟು, ಎಲುಬನ್ನು ಎಳೆದು ಕೂರಿಸಿ ಪ್ಲಾಸ್ಟರ್ ಹಾಕಿದರೆ ಕೂಡಿಕೊಳ್ಳುತ್ತವೆ. ಆದರೆ ಕೀಲಿನೊಳಗೆ ಬಿರುಕು ಹೋಗಿದ್ದರೆ, ಅಥವಾ ಕೂರಿಸಿದ ಎಲುಬು ಮತ್ತೆ ಮತ್ತೆ ಸರಿಯುತ್ತಿದ್ದರೆ, ಕೊಯ್ದು ಲೋಹದ ಪಟ್ಟಿ ಇಟ್ಟು ತಿರುಪು ಹಾಕಬೇಕಾಗುತ್ತದೆ. ಈ ಕೆಲಸಕ್ಕೆ ನಮ್ಮ ಕಡೆಯ ಜನ ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳ ದೊಡ್ಡ ದವಾಖಾನೆಗಳಿಗೆ ಹೋಗುವುದು ವಾಡಿಕೆ. ಅಲ್ಲಿ ಶಸ್ತ್ರಕ್ರಿಯೆಯ ಹಿಂದಿನ ದಿನ ಅರಿವಳಿಕೆಯ ವೈದ್ಯರು ಬಂದು, “ಇಡೀ ಮೈಗೆ ಮದ್ದು ಕೊಡುವುದಿಲ್ಲ, ಕೈಯನ್ನಷ್ಟೇ ಮರಗಟ್ಟಿಸುತ್ತೇವೆ” ಎನ್ನುತ್ತಾರೆ. ಕೇಳಿದವರು ತಲೆಯಾಡಿಸುತ್ತಾರೆ. ಯಾವ ಮದ್ದು, ಎಷ್ಟು ಹೊತ್ತು, ಅದು ಇಳಿದ ಮೇಲೆ ಏನು ಎಂದು ಕೇಳುವವರು ಕಡಿಮೆ. ಆ ಮೂರು ಪ್ರಶ್ನೆಗಳನ್ನು ನಿಮ್ಮ ಪರವಾಗಿ ಇಲ್ಲಿ ಕೇಳಿ ನೋಡೋಣ.

ಮೊದಲು ಕೈ ಮರಗಟ್ಟುವ ಬಗೆಯನ್ನು ತಿಳಿಯಬೇಕು. ಕೈಯ ನರಗಳೆಲ್ಲ ಕುತ್ತಿಗೆಯ ಬೆನ್ನುಹುರಿಯಿಂದ ಐದು ಬೇರುಗಳಾಗಿ ಹೊರಟು, ಕೊರಳೆಲುಬಿನ ಹಿಂದೆ ಹೆಣೆದುಕೊಂಡು, ಕಂಕುಳನ್ನು ಹಾದು ಕೆಳಗಿಳಿಯುತ್ತವೆ. ನೋವಿನ ಸುದ್ದಿಯನ್ನು ನರವು ವಿದ್ಯುತ್ತಿನ ಅಲೆಯಾಗಿ ಸಾಗಿಸುತ್ತದೆ. ಸೋಡಿಯಂ ಕಣಗಳು ನರದ ಪೊರೆಯ ಸಣ್ಣ ಕಿಂಡಿಗಳಲ್ಲಿ ಒಳನುಗ್ಗಿದಾಗ ಆ ಅಲೆ ಹುಟ್ಟುತ್ತದೆ. ಸ್ಥಾನಿಕ ಅರಿವಳಿಕೆಯ ಮದ್ದು ಈ ಕಿಂಡಿಗಳಿಗೆ ಒಳಗಿನಿಂದ ಅಗಳಿ ಹಾಕುತ್ತದೆ. ಕಿಂಡಿ ಮುಚ್ಚಿರುವವರೆಗೆ ಸುದ್ದಿ ಮಿದುಳಿಗೆ ತಲುಪದು. ಮದ್ದು ರಕ್ತದಲ್ಲಿ ಕೊಚ್ಚಿಹೋದಂತೆ ಅಗಳಿ ತಾನಾಗಿ ತೆರೆಯುತ್ತದೆ. ಗಾಯ ಮಾತ್ರ ಅಷ್ಟರಲ್ಲಿ ಮಾಯ್ದಿರುವುದಿಲ್ಲ, ಸುದ್ದಿಯನ್ನಷ್ಟೇ ತಡೆದಿತ್ತು. ಇದನ್ನು ದವಾಖಾನೆಯಲ್ಲಿ ಎಲ್ಲರೂ ‘ಬ್ಲಾಕ್’ ಎನ್ನುತ್ತಾರೆ. ನಾವೂ ಹಾಗೆಯೇ ಅನ್ನೋಣ.

ಮಣಿಕಟ್ಟಿನ ಶಸ್ತ್ರಕ್ರಿಯೆಗೆ ಸೂಜಿಯನ್ನು ಕೊರಳೆಲುಬಿನ ಮೇಲೋ ಕೆಳಗೋ, ಇಲ್ಲವೇ ಕಂಕುಳಲ್ಲೋ ಹಾಕುವುದುಂಟು. ಮೇಲೆ ಹಾಕಿದರೆ ಒಂದೇ ಕಡೆ ಎಲ್ಲ ನರಗಳೂ ಸಿಕ್ಕುತ್ತವೆ, ಆದರೆ ಪುಪ್ಪುಸದ ತುದಿ ಹತ್ತಿರವಿರುತ್ತದೆ. ಕಂಕುಳಲ್ಲಿ ಆ ಭಯವಿಲ್ಲ. ಆದರೆ ಹೆಬ್ಬೆರಳಿನ ಬದಿಯ ಮುಂಗೈ ಚರ್ಮಕ್ಕೆ ಹೋಗುವ ನರವೊಂದು ಅಲ್ಲಿ ಗುಂಪು ಬಿಟ್ಟು ಹೊರಟಿರುವುದರಿಂದ ಅದಕ್ಕೆ ಬೇರೆ ಮದ್ದು ಕೊಡಬೇಕು. ಹಿಂದೆ ವೈದ್ಯರು ಸೂಜಿಯನ್ನು ಅಂದಾಜಿನಿಂದ ನಡೆಸಿ, ರೋಗಿಯ ಬೆರಳಿನಲ್ಲಿ ಝುಂ ಎಂದಾಗ ನರ ಸಿಕ್ಕಿತೆಂದು ತಿಳಿಯುತ್ತಿದ್ದರು. ೧೯೯೦ರ ದಶಕದಿಂದೀಚೆಗೆ ಶಬ್ದಾತೀತ ತರಂಗಗಳ ಯಂತ್ರದ ಪರದೆಯ ಮೇಲೆ ನರವನ್ನೂ ರಕ್ತನಾಳವನ್ನೂ ಸೂಜಿಯ ಮೊನೆಯನ್ನೂ ಕಣ್ಣಾರೆ ನೋಡುತ್ತ ಮದ್ದು ಹಾಕುವ ಕ್ರಮ ಬೆಳೆದಿದೆ. ಇದರಿಂದ ಮದ್ದಿನ ಪ್ರಮಾಣವೂ ಕಡಿಮೆಯಾಯಿತು, ಅಪಾಯವೂ ಕಡಿಮೆಯಾಯಿತು.

ಈ ಸೌಕರ್ಯ ಎಷ್ಟು ಹೊಸದು ಎಂಬುದನ್ನು ಊರಿನ ಇತಿಹಾಸದಿಂದಲೇ ಅಳೆಯಬಹುದು. ೧೮೨೪ರ ಅಕ್ಟೋಬರ್ ೨೩ರಂದು ಕಿತ್ತೂರಿನ ಕೋಟೆಯ ಮುಂದೆ ಥ್ಯಾಕರೆ ಬಿದ್ದ ದಿನ ಎರಡೂ ಕಡೆ ಗಾಯಗೊಂಡವರಿದ್ದರು. ಕಾಲಿಸ್ ತನ್ನ ಮುರಿತವನ್ನು ಬಣ್ಣಿಸಿ ಆಗ ಹತ್ತು ವರ್ಷ ಕಳೆದಿತ್ತು. ಆದರೆ ನೋವಿಲ್ಲದೆ ಕೊಯ್ಯುವ ಉಪಾಯ ಆ ಗಾಯಾಳುಗಳಿಗೆ ದೊರೆಯುವಂತಿರಲಿಲ್ಲ. ಬಾಸ್ಟನ್ನಿನಲ್ಲಿ ಈಥರ್ ಪ್ರಯೋಗವಾದದ್ದು ೧೮೪೬ರಲ್ಲಿ. ಚೆನ್ನಮ್ಮ ರಾಣಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡು ಆಗ ಹದಿನೇಳು ವರ್ಷಗಳಾಗಿದ್ದವು. ಇಡೀ ದೇಹವನ್ನು ನಿದ್ರೆಗೆ ದೂಡದೆ ಒಂದು ಅಂಗವನ್ನಷ್ಟೇ ಮರಗಟ್ಟಿಸುವ ವಿದ್ಯೆ ಇನ್ನೂ ತಡವಾಗಿ ಬಂತು. ೧೮೮೪ರಲ್ಲಿ ವಿಯೆನ್ನಾದ ಕಾರ್ಲ್ ಕೊಲ್ಲರ್ ಕೊಕೇನಿನಿಂದ ಕಣ್ಣನ್ನು ಮರಗಟ್ಟಿಸಿ ತೋರಿಸಿದನು. ಅದನ್ನೇ ನರಗಳ ಸುತ್ತ ಚುಚ್ಚಿ ನೋಡಿದ ಅಮೆರಿಕದ ಹಾಲ್‌ಸ್ಟೆಡ್, ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು ಕೊಕೇನಿನ ಚಟಕ್ಕೆ ಬಲಿಯಾದನು. ೧೯೧೧ರಲ್ಲಿ ಜರ್ಮನಿಯಲ್ಲಿ ಹಿರ್ಶೆಲ್ ಕಂಕುಳಿನ ದಾರಿಯನ್ನೂ ಕುಲೆನ್‌ಕಾಂಫ್ ಕೊರಳೆಲುಬಿನ ಮೇಲಿನ ದಾರಿಯನ್ನೂ ಕಂಡುಹಿಡಿದರು. ಕುಲೆನ್‌ಕಾಂಫನೂ ಮೊದಲ ಸೂಜಿಯನ್ನು ತನಗೇ ಚುಚ್ಚಿಕೊಂಡವನು. ಈ ಶಾಸ್ತ್ರದಲ್ಲಿ ಇಂತಹ ಹುಂಬರು ಬಹಳ.

ಇನ್ನು ಮದ್ದುಗಳ ವಿಚಾರ. ಇಂದು ನಮ್ಮ ದವಾಖಾನೆಗಳಲ್ಲಿ ಈ ಕೆಲಸಕ್ಕೆ ಮುಖ್ಯವಾಗಿ ಬಳಕೆಯಲ್ಲಿರುವವು ಮೂರು. ಲಿಗ್ನೊಕೇನ್ ೧೯೪೩ರಲ್ಲಿ ಸ್ವೀಡನ್ನಿನ ಲೋಫ್‌ಗ್ರೆನ್ ತಯಾರಿಸಿದ್ದು. ಹಲ್ಲು ಕೀಳಿಸಿಕೊಂಡವರಿಗೆಲ್ಲ ಇದರ ಪರಿಚಯವಿದೆ. ಹತ್ತು ಹದಿನೈದು ಮಿನಿಟಿನಲ್ಲಿ ಕೈ ಮರಗಟ್ಟುತ್ತದೆ, ಎರಡು ಮೂರು ಗಂಟೆಗಳಲ್ಲಿ ಇಳಿಯುತ್ತದೆ. ಬುಪಿವಕೇನ್ ಸ್ವೀಡನ್ನಿನಲ್ಲಿಯೇ ೧೯೫೭ರಲ್ಲಿ ಹುಟ್ಟಿದ್ದು. ಇದು ನಿಧಾನಿ, ಪೂರ್ತಿ ಹಿಡಿಯಲು ಇಪ್ಪತ್ತು ಮೂವತ್ತು ಮಿನಿಟು ಬೇಕು, ಆದರೆ ಒಮ್ಮೆ ಹಿಡಿದರೆ ಹತ್ತು ಹನ್ನೆರಡು ಗಂಟೆ, ಕೆಲವರಲ್ಲಿ ಹದಿನಾರು ಗಂಟೆಯವರೆಗೂ ನೋವನ್ನು ತಡೆಯುತ್ತದೆ. ಮೂರನೆಯದು ಇದರ ತಮ್ಮನಂತಿರುವ ರೋಪಿವಕೇನ್. ೧೯೯೬ರ ಸುಮಾರಿಗೆ ಬಳಕೆಗೆ ಬಂತು. ಅಣ್ಣನಿಗಿಂತ ತುಸು ಸೌಮ್ಯ, ತುಸು ಅಲ್ಪಾವಧಿ. ಎಂಟರಿಂದ ಹನ್ನೆರಡು ಗಂಟೆ ಎಂದಿಟ್ಟುಕೊಳ್ಳಬಹುದು. ಇವೆಲ್ಲ ಅಂದಾಜಿನ ಲೆಕ್ಕಗಳು. ಒಂದೇ ಮದ್ದು ಒಂದೇ ಪ್ರಮಾಣದಲ್ಲಿ ಕೊಟ್ಟರೂ ಒಬ್ಬರಿಂದ ಇನ್ನೊಬ್ಬರಿಗೆ ಹಲವು ಗಂಟೆಗಳ ವ್ಯತ್ಯಾಸ ಕಾಣುತ್ತದೆ.

ಅಣ್ಣನಿದ್ದೂ ತಮ್ಮನೇಕೆ ಬೇಕಾಯಿತು? ಅದಕ್ಕೆ ಕಾರಣ ಹೃದಯ. ಬುಪಿವಕೇನ್ ತಪ್ಪಿ ರಕ್ತನಾಳದೊಳಗೆ ಹೋದರೆ ಹೃದಯದ ಸೋಡಿಯಂ ಕಿಂಡಿಗಳಿಗೂ ಅಂಟಿಕೊಳ್ಳುತ್ತದೆ, ಬೇಗ ಬಿಡುವುದಿಲ್ಲ. ಇಂತಹ ಮದ್ದುಗಳಿಂದ ನಿಂತ ಹೃದಯಗಳನ್ನು ಮತ್ತೆ ನಡೆಸುವುದು ಕಷ್ಟವಾಗುತ್ತಿದೆ ಎಂದು ೧೯೭೯ರಲ್ಲಿ ಅಮೆರಿಕದ ವೈದ್ಯ ಆಲ್‌ಬ್ರೈಟ್ ಎಚ್ಚರಿಸಿದ ಮೇಲೆ ಸೌಮ್ಯವಾದ ಮದ್ದಿನ ಹುಡುಕಾಟ ಜೋರಾಯಿತು. ರೋಪಿವಕೇನ್ ಹೃದಯವನ್ನು ಅಷ್ಟು ಬಿಗಿಯಾಗಿ ಹಿಡಿಯದು. ಮುಂದೆ ಗೈ ವೈನ್‌ಬರ್ಗ್ ಎಂಬ ವೈದ್ಯ ೧೯೯೮ರಲ್ಲಿ ಇಲಿಗಳ ಮೇಲಿನ ಪ್ರಯೋಗದಿಂದ ಒಂದು ಪ್ರತಿಮದ್ದನ್ನೂ ತೋರಿಸಿದನು. ಬಾಯಿಂದ ಉಣ್ಣಲಾಗದ ರೋಗಿಗಳಿಗೆ ನಾಳದ ಮೂಲಕ ಕೊಡುವ ಹಾಲಿನಂತಹ ಕೊಬ್ಬಿನ ದ್ರಾವಣವೇ ಅದು. ೨೦೦೬ರಲ್ಲಿ ಅದು ಮನುಷ್ಯನ ಜೀವ ಉಳಿಸಿದ ವರದಿಯೂ ಬಂತು. ಬ್ಲಾಕ್ ಹಾಕುವ ಕೋಣೆಯಲ್ಲಿ ಆ ಬಿಳಿ ಸೀಸೆ ಇರಲೇಬೇಕು. ಮದ್ದು ಹಾಕುತ್ತಿರುವಾಗ ನಿಮಗೆ ಬಾಯಲ್ಲಿ ಲೋಹದ ರುಚಿ, ಕಿವಿಯಲ್ಲಿ ಗುಂಯ್ ಎನ್ನುವ ಸದ್ದು, ತುಟಿಯ ಸುತ್ತ ಜುಮುಜುಮು ಕಂಡರೆ ಸಂಕೋಚಪಡದೆ ಆ ಕ್ಷಣವೇ ಹೇಳಿರಿ. ಮದ್ದು ರಕ್ತಕ್ಕೆ ಹೋಗುತ್ತಿದೆಯೆಂಬುದರ ಮೊದಲ ಸುಳಿವು ಅದು.

ಪ್ರಮಾಣದ ಲೆಕ್ಕವೂ ಕಠಿಣವಾದದ್ದು. ಬುಪಿವಕೇನನ್ನು ಸಾಮಾನ್ಯವಾಗಿ ದೇಹದ ತೂಕದ ಕಿಲೋಗ್ರಾಮಿಗೆ ೨ ಮಿಲಿಗ್ರಾಮ್ ಮೀರಗೊಡುವುದಿಲ್ಲ. ಐವತ್ತು ಕಿಲೋ ತೂಗುವ ಹೆಂಗಸಿಗೆ ಅದು ೧೦೦ ಮಿಲಿಗ್ರಾಮ್, ಶೇಕಡಾ ೦.೫ರ ದ್ರಾವಣದಲ್ಲಿ ಕೇವಲ ೨೦ ಮಿಲಿಲೀಟರ್. ಪರದೆಯ ಮೇಲೆ ನರವನ್ನು ನೋಡಿ ಹಾಕುವವರಿಗೆ ಇಷ್ಟು ಸಾಕು, ಅಂದಾಜಿನಿಂದ ಹಾಕುವವರಿಗೆ ಇದು ಇಕ್ಕಟ್ಟು. ರೋಪಿವಕೇನಿಗೆ ಕಿಲೋಗ್ರಾಮಿಗೆ ೩ ಮಿಲಿಗ್ರಾಮಿನವರೆಗೆ ಅವಕಾಶವಿರುವುದರಿಂದ ಕೈ ಸ್ವಲ್ಪ ಸಡಿಲವಾಗುತ್ತದೆ.

ಎರಡರಲ್ಲಿ ಯಾವುದು ಮೇಲು ಎಂಬುದು ವೈದ್ಯಕೀಯ ಕಾಲೇಜುಗಳ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಬಹು ಪ್ರಿಯವಾದ ಪ್ರಬಂಧ ವಿಷಯ. ಅರ್ಧ ರೋಗಿಗಳಿಗೆ ಇದು, ಅರ್ಧ ರೋಗಿಗಳಿಗೆ ಅದು. ಯಾರು ಎಷ್ಟು ಗಂಟೆಗೆ ‘ನೋವು, ಮಾತ್ರೆ ಕೊಡಿ’ ಎಂದರೋ ಆ ಹೊತ್ತನ್ನು ಬರೆದಿಡುವುದು. ಇಂತಹ ಹೋಲಿಕೆಗಳನ್ನು ಓದುವಾಗ ಒಂದು ಮಾತನ್ನು ನೆನಪಿಡಬೇಕು. ಸಮ ತೂಕಕ್ಕೆ ರೋಪಿವಕೇನಿನ ಬಲ ಬುಪಿವಕೇನಿಗಿಂತ ಕಡಿಮೆ. ಎರಡನ್ನೂ ಶೇಕಡಾ ೦.೫ರಲ್ಲಿ ಕೊಟ್ಟು ಅಣ್ಣ ಹೆಚ್ಚು ಹೊತ್ತು ದುಡಿದನೆಂದರೆ ಅದರಲ್ಲಿ ಆಶ್ಚರ್ಯವಿಲ್ಲ. ಎತ್ತಿಗೂ ಹೋರಿಗರುವಿಗೂ ಒಂದೇ ನೊಗ ಹಾಕಿದಂತಾಯಿತು. ತಮ್ಮನನ್ನು ಶೇಕಡಾ ೦.೭೫ಕ್ಕೆ ಏರಿಸಿದರೆ ವ್ಯತ್ಯಾಸ ಬಹಳ ಮಟ್ಟಿಗೆ ಕರಗುತ್ತದೆ. ನನ್ನ ಅಭಿಪ್ರಾಯವನ್ನು ಕೇಳಿದರೆ, ಮಣಿಕಟ್ಟಿನ ರೋಗಿಯ ಪಾಲಿಗೆ ಇವೆರಡರ ನಡುವಿನ ಆಯ್ಕೆ ಪತ್ರಿಕೆಗಳು ತೋರಿಸುವಷ್ಟು ದೊಡ್ಡದಲ್ಲ. ಹೃದ್ರೋಗಿಗೆ, ವೃದ್ಧರಿಗೆ, ಹೆಚ್ಚು ಮದ್ದು ಬೇಕಾದಲ್ಲಿ ರೋಪಿವಕೇನ್. ಹಣದ ಚಿಂತೆಯಿದ್ದು ಪ್ರಮಾಣ ಕಡಿಮೆಯಿರುವಲ್ಲಿ ಹಳೆಯ, ಅಗ್ಗದ ಬುಪಿವಕೇನ್. ಲಿಗ್ನೊಕೇನ್ ಮಾತ್ರ ಬೇರೆ ಜಾತಿಯದು: ಗಂಟು ತೆಗೆಯುವಂತಹ ಅರ್ಧ ಗಂಟೆಯ ಕೆಲಸಕ್ಕೆ ಅದು ಚೆನ್ನ, ಎಲುಬಿಗೆ ಪಟ್ಟಿ ಹಾಕಿದ ರಾತ್ರಿಗೆ ಸಾಲದು. ಬೇಗ ಹಿಡಿಯಲೆಂದು ಲಿಗ್ನೊಕೇನನ್ನು ಬುಪಿವಕೇನಿನೊಡನೆ ಬೆರೆಸುವ ರೂಢಿಯೂ ಉಂಟು. ಹತ್ತು ಮಿನಿಟು ಉಳಿಯುತ್ತದೆ, ಆದರೆ ರಾತ್ರಿಯ ಕೆಲವು ಗಂಟೆಗಳು ಕೈಬಿಡುತ್ತವೆ. ರೋಗಿಯ ದೃಷ್ಟಿಯಿಂದ ಲಾಭದ ವ್ಯಾಪಾರವಲ್ಲ.

ಮದ್ದಿನ ಆಯುಸ್ಸನ್ನು ಹೆಚ್ಚಿಸುವ ಸಹಾಯಕರೂ ಇದ್ದಾರೆ. ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡನ್ನು ಸ್ವಲ್ಪ ಸೇರಿಸಿದರೆ ಆರೇಳು ಗಂಟೆ ಹೆಚ್ಚಿಗೆ ಸಿಕ್ಕುತ್ತದೆ. ನರದ ಪಕ್ಕದಲ್ಲಿ ಹಾಕದೆ ರಕ್ತನಾಳಕ್ಕೆ ಕೊಟ್ಟರೂ ಹೆಚ್ಚುಕಡಿಮೆ ಅಷ್ಟೇ ಫಲವೆಂದು ಪರೀಕ್ಷೆಗಳು ತೋರಿಸಿವೆ. ಸಕ್ಕರೆ ಕಾಯಿಲೆಯವರಲ್ಲಿ ಇದು ಒಂದೆರಡು ದಿನ ರಕ್ತದ ಸಕ್ಕರೆಯನ್ನು ಏರಿಸಬಹುದು. ಕ್ಲೋನಿಡಿನ್, ಡೆಕ್ಸ್‌ಮೆಡಿಟೊಮಿಡಿನ್ ಎಂಬವೂ ಅವಧಿಯನ್ನು ಹಿಗ್ಗಿಸುತ್ತವೆ, ಆದರೆ ನಾಡಿಯನ್ನು ನಿಧಾನಿಸಿ, ರಕ್ತದೊತ್ತಡವನ್ನು ಇಳಿಸಿ, ಮಂಪರು ತರುತ್ತವೆ; ಸಂಜೆ ಬಸ್ಸು ಹತ್ತಬೇಕಾದವನಿಗೆ ತಕ್ಕವಲ್ಲ. ಕೊಬ್ಬಿನ ಸೂಕ್ಷ್ಮ ಗುಳ್ಳೆಗಳಲ್ಲಿ ತುಂಬಿದ ಬುಪಿವಕೇನ್ ಅಮೆರಿಕದಲ್ಲಿ ೨೦೧೨ರಿಂದ ಮಾರಾಟದಲ್ಲಿದೆ. ಬೆಲೆ ಬಹಳ, ನರದ ಬ್ಲಾಕಿನಲ್ಲಿ ಸಾದಾ ಬುಪಿವಕೇನಿಗಿಂತ ಹೇಳಿಕೊಳ್ಳುವಷ್ಟು ಮೇಲೆಂದು ಸಿದ್ಧವಾಗಿಲ್ಲ.

ಈಗ ನಿಜವಾದ ತೊಡಕಿಗೆ ಬರೋಣ. ಬ್ಲಾಕ್ ಇಳಿಯುವಾಗ ನೋವು ಮೆಲ್ಲಗೆ ಬರುವುದಿಲ್ಲ. ಅರ್ಧ ಗಂಟೆ, ಒಂದು ಗಂಟೆಯೊಳಗೆ ಕಟ್ಟೆಯೊಡೆದಂತೆ ಬರುತ್ತದೆ. ಇದಕ್ಕೆ ‘ಮರುಕಳಿಸುವ ನೋವು’ ಎಂದು ಹೆಸರಿಟ್ಟಿದ್ದಾರೆ. ಮಣಿಕಟ್ಟಿನ ಎಲುಬಿಗೆ ಪಟ್ಟಿ ಹಾಕಿಸಿಕೊಂಡ ೩೬ ಜನರ ಮೇಲೆ ಅಮೆರಿಕದಲ್ಲಿ ನಡೆದು ೨೦೧೬ರಲ್ಲಿ ಪ್ರಕಟವಾದ ಒಂದು ಪರೀಕ್ಷೆ ಇದನ್ನು ಸ್ಪಷ್ಟವಾಗಿ ತೋರಿಸಿತು. ಕೆಲವರಿಗೆ ಬ್ಲಾಕ್, ಉಳಿದವರಿಗೆ ಪೂರ್ಣ ಅರಿವಳಿಕೆ. ಎರಡು ಗಂಟೆಯ ಹೊತ್ತಿಗೆ ಬ್ಲಾಕಿನವರಿಗೆ ನೋವು ಬಹಳ ಕಡಿಮೆ. ಹನ್ನೆರಡು ಗಂಟೆಯ ಹೊತ್ತಿಗೆ ತಕ್ಕಡಿ ತಿರುಗಿತ್ತು: ಬ್ಲಾಕಿನವರೇ ಹೆಚ್ಚು ನರಳುತ್ತಿದ್ದರು. ಇದರಿಂದ ಬ್ಲಾಕ್ ಕೆಟ್ಟದ್ದೆಂದು ತಿಳಿಯಬೇಡಿರಿ. ಪೂರ್ಣ ಅರಿವಳಿಕೆಯವರು ಮೊದಲಿನಿಂದಲೇ ನೋವಿನ ಮದ್ದು ತೆಗೆದುಕೊಳ್ಳುತ್ತ ಬಂದಿರುತ್ತಾರೆ; ಬ್ಲಾಕಿನವರು ಹಾಯಾಗಿ ಮಲಗಿ ಬರಿಗೈಯಲ್ಲಿ ಪ್ರವಾಹಕ್ಕೆ ಸಿಕ್ಕುತ್ತಾರೆ.

ಇದನ್ನು ನಮ್ಮ ಊರುಗಳ ಲೆಕ್ಕಕ್ಕೆ ತಂದು ನೋಡಿರಿ. ಬೆಳಿಗ್ಗೆ ಹನ್ನೊಂದಕ್ಕೆ ಬೆಳಗಾವಿಯಲ್ಲಿ ಬ್ಲಾಕ್ ಹಾಕಿದರೆಂದು ಇಟ್ಟುಕೊಳ್ಳೋಣ. ಅದೇ ದಿನ ಮನೆಗೆ ಕಳಿಸುವ ರೂಢಿ ಈಗ ಬೆಳೆಯುತ್ತಿದೆ. ಕೈ ಮರಗಟ್ಟಿರುವುದರಿಂದ ರೋಗಿಯೂ ‘ನನಗೇನೂ ಆಗಿಲ್ಲ, ಹೋಗೋಣ’ ಎನ್ನುತ್ತಾನೆ. ಕಿತ್ತೂರಿನವರಿಗೆ ಹೆದ್ದಾರಿಯಿದೆ, ಒಂದು ತಾಸಿನ ಮಾತು. ಬೈಲಹೊಂಗಲವೂ ದೂರವಲ್ಲ. ರಾಮದುರ್ಗದವರು ಸುಮಾರು ನೂರು ಕಿಲೋಮೀಟರ್ ಕುಲುಕಾಡಿಕೊಂಡು ಹೋಗಬೇಕು. ರೋಪಿವಕೇನ್ ಆದರೆ ರಾತ್ರಿ ಏಳರಿಂದ ಹನ್ನೊಂದರೊಳಗೆ, ಬುಪಿವಕೇನ್ ಆದರೆ ಒಂಬತ್ತರಿಂದ ಬೆಳಗಿನ ಜಾವ ಮೂರರೊಳಗೆ ಅಗಳಿ ತೆರೆಯುತ್ತದೆ. ಊರು ಮಲಗಿದ, ಔಷಧದ ಅಂಗಡಿ ಮುಚ್ಚಿದ, ಮರಳಿ ಹೋಗಲು ವಾಹನ ಸಿಗದ ಹೊತ್ತು ಅದು. ಯಲ್ಲಮ್ಮನ ಗುಡ್ಡದಲ್ಲಿ ಹುಣ್ಣಿಮೆಯ ಜಾತ್ರೆಯಿದ್ದರೆ ಸವದತ್ತಿಯ ದಾರಿಯಂತೂ ಹಗಲಿನಲ್ಲಿಯೇ ಸಾಗದು. ಬುಪಿವಕೇನಿಗೆ ಸ್ಟಿರಾಯ್ಡ್ ಸೇರಿಸಿದ್ದರೆ ನೋವು ಮರುದಿನ ಬೆಳಕು ಹರಿದ ಮೇಲೆ ಬರಬಹುದು, ಎಚ್ಚರದಲ್ಲಿದ್ದು ಎದುರಿಸಬಹುದು. ಹೀಗೆ ಮದ್ದಿನ ಆಯ್ಕೆಯೆಂದರೆ ನೋವು ಯಾವ ಗಂಟೆಗೆ ಬರಲಿ ಎಂಬ ಆಯ್ಕೆ. ಮನೆ ದೂರವಿದ್ದರೆ ಅದನ್ನು ವೈದ್ಯರಿಗೆ ಮೊದಲೇ ತಿಳಿಸಿರಿ. ಒಂದು ರಾತ್ರಿ ಅಲ್ಲಿಯೇ ಉಳಿಯುವ ಅನುಕೂಲವಿದ್ದರೆ ಉಳಿಯುವುದು ಲೇಸು.

ಆದರೆ ಮದ್ದು ಯಾವುದೇ ಇರಲಿ, ಕೈ ಇನ್ನೂ ಮರಗಟ್ಟಿರುವಾಗಲೇ ನೋವಿನ ಮಾತ್ರೆ ಹೊಟ್ಟೆ ಸೇರಿರಬೇಕು. ‘ನೋವೇ ಇಲ್ಲ, ಮಾತ್ರೆ ಏಕೆ?’ ಎಂದು ಚೀಟಿಯನ್ನು ಮಡಿಚಿಡುವವರೇ ರಾತ್ರಿ ಎರಡು ಗಂಟೆಗೆ ಹೊಸ್ತಿಲ ಮೇಲೆ ಕೂತು ಅಳುತ್ತಾರೆ. ನುಂಗಿದ ಮಾತ್ರೆ ಕೆಲಸಕ್ಕೆ ಬರಲು ಅರ್ಧದಿಂದ ಒಂದು ತಾಸು ಬೇಕು. ಬಂದ ನೋವನ್ನು ಅಟ್ಟುವುದಕ್ಕಿಂತ ಬರುವ ನೋವನ್ನು ತಡೆಯುವುದು ಸುಲಭ. ವೈದ್ಯರು ಬರೆದ ಪ್ಯಾರಾಸಿಟಮಾಲನ್ನು ಬರೆದ ಹೊತ್ತಿಗೆ, ನೋವಿರಲಿ ಇಲ್ಲದಿರಲಿ, ತೆಗೆದುಕೊಳ್ಳಿರಿ. ಮಲಗುವ ಮುನ್ನ ಒಂದು ಸರತಿ ಬೇಕೇ ಬೇಕು. ಇಬುಪ್ರೊಫೇನಿನಂತಹ ಮಾತ್ರೆಗಳು ಒಳ್ಳೆಯ ಜೊತೆಗಾರರು, ಆದರೆ ಮೂತ್ರಪಿಂಡದ ತೊಂದರೆ, ಹೊಟ್ಟೆಯ ಹುಣ್ಣು ಇದ್ದವರು ತಾವಾಗಿ ಅಂಗಡಿಯಿಂದ ತಂದು ನುಂಗಬಾರದು.

ಮರಗಟ್ಟಿದ ಕೈ ಮನೆಯಲ್ಲಿ ಇನ್ನೊಬ್ಬರ ಕೈಯಿದ್ದಂತೆ. ಅದಕ್ಕೆ ಒಲೆಯ ಬಿಸಿ ತಿಳಿಯದು, ರೊಟ್ಟಿಯ ಹಂಚು ತಾಗಿದರೂ ತಿಳಿಯದು, ಬಸ್ಸಿನ ಕಿಟಕಿಯ ಸಂದಿಯಲ್ಲಿ ಸಿಕ್ಕಿದರೂ ತಿಳಿಯದು. ಸ್ಪರ್ಶ ಮರಳುವವರೆಗೆ ಜೋಳಿಗೆಯಲ್ಲಿ ಕಟ್ಟಿಕೊಂಡಿರಬೇಕು. ಮಲಗಿದಾಗ ಎರಡು ದಿಂಬಿನ ಮೇಲೆ ಎದೆಗಿಂತ ಎತ್ತರದಲ್ಲಿಡಬೇಕು. ಬಾವು ಇಳಿದಷ್ಟೂ ನೋವು ಇಳಿಯುತ್ತದೆ. ಶಕ್ತಿ ಮರಳಿದೊಡನೆ ಬೆರಳುಗಳನ್ನು ಮಡಚಿ ಬಿಚ್ಚುವ ಅಭ್ಯಾಸ ಶುರುವಾಗಬೇಕು. ರಾಮದುರ್ಗದ ನೇಕಾರನಿಗೆ ಕೂಡಿದ ಎಲುಬು ಎಷ್ಟು ಮುಖ್ಯವೋ ಮಡಚುವ ಬೆರಳೂ ಅಷ್ಟೇ ಮುಖ್ಯ. ನೋವಿಗೆ ಹೆದರಿ ಎರಡು ವಾರ ಬೆರಳಾಡಿಸದವನ ಕೈ ಬಿರುಸಾಗಿ, ಲಾಳಿ ಹಿಡಿಯಲು ತಿಂಗಳುಗಳೇ ಹಿಡಿಯುತ್ತವೆ. ನೋವನ್ನು ಹದ್ದಿನಲ್ಲಿಡುವ ಮುಖ್ಯ ಪ್ರಯೋಜನ ಇಲ್ಲಿದೆ.

ನೋವೆಲ್ಲವೂ ಬ್ಲಾಕ್ ಇಳಿದ ನೋವಲ್ಲ ಎಂಬುದನ್ನೂ ಹೇಳಬೇಕು. ಪಟ್ಟಿಯ ಅಥವಾ ಪ್ಲಾಸ್ಟರಿನ ಕೆಳಗೆ ಮುಂಗೈಯ ಮಾಂಸಖಂಡಗಳು ಬಾತು, ರಕ್ತದ ಹರಿವು ನಿಲ್ಲುವ ಅಪಾಯ ಅಪರೂಪಕ್ಕೆ ಬರುತ್ತದೆ. ಆಗ ಮಾತ್ರೆಗೆ ಬಗ್ಗದ, ಗಂಟೆಗಂಟೆಗೂ ಏರುವ ನೋವು. ಬೇರೆಯವರು ನಿಮ್ಮ ಬೆರಳನ್ನು ಮೆಲ್ಲಗೆ ನೆಟ್ಟಗೆ ಮಾಡಿದರೆ ಜೀವ ಹೋಗುವಂತಹ ನೋವು. ಬೆರಳು ಬಿಳುಪೇರಿ ತಣ್ಣಗಾಗುವುದು, ಅಥವಾ ನೀಲಿಗಟ್ಟುವುದು. ಬ್ಲಾಕ್ ಈ ಸುಳಿವನ್ನು ಕೆಲ ಗಂಟೆ ಮರೆಮಾಡಬಹುದೆಂಬುದೇ ಇದರ ಒಂದು ಕುಂದು. ಆದುದರಿಂದ ಕೈ ಮರಗಟ್ಟಿರುವಾಗಲೂ ಮನೆಯವರು ತಾಸಿಗೊಮ್ಮೆ ಬೆರಳಿನ ಬಣ್ಣ ನೋಡಬೇಕು. ಉಗುರನ್ನು ಒತ್ತಿ ಬಿಟ್ಟರೆ ಕೆಂಪು ಕೂಡಲೇ ಮರಳಬೇಕು. ಮೇಲಿನ ಯಾವ ಸುಳಿವು ಕಂಡರೂ ಬೆಳಗಾಗಲೆಂದು ಕಾಯಬೇಡಿರಿ. ಕೆಲವೇ ಗಂಟೆಗಳಲ್ಲಿ ಕೈ ಶಾಶ್ವತವಾಗಿ ಕೆಡಬಹುದು. ಕೊರಳೆಲುಬಿನ ಬಳಿ ಬ್ಲಾಕ್ ಹಾಕಿಸಿಕೊಂಡವರಿಗೆ ಉಸಿರಾಟ ಕಷ್ಟವಾದರೆ, ಎದೆ ಚುಚ್ಚಿದರೆ, ಆಗಲೂ ಹಾಗೆಯೇ. ಮರುದಿನ ಸಂಜೆ ಕಳೆದರೂ ಬೆರಳಿಗೆ ಸ್ಪರ್ಶ ಬಾರದಿದ್ದರೆ ಅದನ್ನೂ ವೈದ್ಯರಿಗೆ ತೋರಿಸಬೇಕು.

ದವಾಖಾನೆಯಿಂದ ಹೊರಡುವ ಮುನ್ನ ಚೀಟಿಯ ಮೇಲೆ ನಾಲ್ಕು ಮಾತು ಬರೆಸಿಕೊಳ್ಳಿರಿ: ಬ್ಲಾಕ್ ಹಾಕಿದ ಹೊತ್ತು, ಹಾಕಿದ ಜಾಗ, ಮದ್ದಿನ ಹೆಸರು, ಅದಕ್ಕೆ ಸೇರಿಸಿದ ಬೇರೆ ಮದ್ದು. ಅದರ ಕೆಳಗೆ ಮೊದಲ ಮಾತ್ರೆಯ ಗಂಟೆ, ಮತ್ತು ರಾತ್ರಿ ಕರೆಯಬಹುದಾದ ಒಂದು ದೂರವಾಣಿ ಸಂಖ್ಯೆ. ನಡುರಾತ್ರಿಯಲ್ಲಿ ತಾಲೂಕು ಆಸ್ಪತ್ರೆಯ ಬಾಗಿಲು ತಟ್ಟಬೇಕಾಗಿ ಬಂದರೆ ಅಲ್ಲಿಯ ವೈದ್ಯರು ಕೇಳುವ ಮೊದಲ ಪ್ರಶ್ನೆಗಳು ಇವೇ.